ಒಂದು ಹಾಳೆಯೊಳಗೆ ಇಷ್ಟೊಂದು ಮನಸ್ಸು!

ಒಂಬತ್ತೇ ಒಂಬತ್ತು ಪ್ರಶ್ನೆ! ಹಾಳೆಯ ಒಂದೇ ಮಗ್ಗುಲಿಗೆ ಹಿಡಿಸುವಷ್ಟು. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸದಲ್ಲಿ ಮನಸ್ಸು ನಿಂತಿತೆ, ಬೇಸರ ಕವಿದಿತ್ತೆ, ನಿದ್ದೆ ಹೇಗಿತ್ತು, ಮೈಯಲ್ಲಿ ತ್ರಾಣ ಇತ್ತೆ, ಊಟ ಸೇರಿತೆ, ನಾನು ಯಾತಕ್ಕೂ ಬಾರದವ ಎಂದು ಅನಿಸಿತೆ, ಓದುವಾಗ ಗಮನ ಚದುರಿತೆ... ಹೀಗೆ. ಪ್ರತಿ ಪ್ರಶ್ನೆಯ ಎದುರಿಗೆ ನಾಲ್ಕು ಮನೆ: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾಲೂ. ಸೊನ್ನೆಯಿಂದ ಮೂರರವರೆಗೆ ಅಂಕ. ಎಲ್ಲ ಕೂಡಿಸಿದರೆ ಹೆಚ್ಚೆಂದರೆ 27. ಮೊತ್ತ ಹತ್ತು ಮುಟ್ಟಿತೋ, ಈ ಹುಡುಗನ ಹತ್ತಿರ, ಈ ಹುಡುಗಿಯ ಹತ್ತಿರ ಬಲ್ಲವರು ಯಾರಾದರೂ ಕೂತು ನಿಧಾನವಾಗಿ ಮಾತಾಡಬೇಕು ಎಂದು ಆ ಹಾಳೆ ಹೇಳುತ್ತದೆ.

ಇಷ್ಟೇ! ರಕ್ತ ತೆಗೆಯುವುದಿಲ್ಲ, ಯಂತ್ರದೊಳಗೆ ಮಲಗಿಸುವುದಿಲ್ಲ. ಒಂದು ಪೆನ್ನು, ಐದು ನಿಮಿಷ. ಅವ್ವನಿಗೆ ಹೇಳದ್ದು, ಒಂದೇ ತಾಟಿನಲ್ಲಿ ಉಂಡ ಗೆಳೆಯನಿಗೂ ಹೇಳದ್ದು ಆ ಐದು ನಿಮಿಷದಲ್ಲಿ ಒಂದು ಟಿಕ್ ಗುರುತಾಗಿ ಹೊರಗೆ ಬಂದುಬಿಡುತ್ತದೆ. ಪಿಎಚ್‌ಕ್ಯೂ-9 ಎಂಬುದು ಈ ಹಾಳೆಯ ಹೆಸರು. ಅಮೆರಿಕದ ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೋಂಕೆ ಎಂಬ ಮೂವರು ರೂಪಿಸಿದ್ದು. ಅದನ್ನು ಒರೆಗೆ ಹಚ್ಚಿ ನೋಡಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಬಳಸಲು ಯಾರ ಪರವಾನಗಿಯೂ ಬೇಡ, ಬಿಡಿಗಾಸೂ ಬೇಡ. ಕನ್ನಡದಲ್ಲೂ ಸಿಗುತ್ತದೆ. ಇಂಥವರಿಗೆ ಇಂಥ ಕಾಯಿಲೆ ಎಂದು ಅದು ತೀರ್ಪು ಕೊಡುವುದಿಲ್ಲ, ಆ ಕೆಲಸ ವೈದ್ಯರದು. ಸಾವಿರ ಜನರ ಗದ್ದಲದ ನಡುವೆ ಯಾರ ಪಕ್ಕಕ್ಕೆ ಹೋಗಿ ಕೂರಬೇಕು ಎಂಬುದನ್ನು ಮಾತ್ರ ಬೆರಳು ಮಾಡಿ ತೋರಿಸುತ್ತದೆ. ಅದೇನು ಸಣ್ಣ ಮಾತೆ?

ಇಂಥ ಸಮೀಕ್ಷೆ ಒಂದು ಪಿಯು ಕಾಲೇಜಿನ ಕೋಣೆಯಲ್ಲಿ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಬೇಕು. ಪ್ರಾಚಾರ್ಯರ ಒಪ್ಪಿಗೆ, ಹದಿನೆಂಟು ತುಂಬದವರಿದ್ದರೆ ಪಾಲಕರ ಸಹಿ, ಅದರ ಮೇಲೆ ಹುಡುಗರದೇ ಒಪ್ಪಿಗೆ. ಮೊದಲ ಕೆಲಸವೆಂದರೆ ಉಪನ್ಯಾಸಕರನ್ನು ಹೊರಗೆ ಕಳಿಸುವುದು! ಅವರು ಬಾಗಿಲಲ್ಲಿ ನಿಂತರೂ ಉತ್ತರ ಬದಲಾಗುತ್ತದೆ. ಆಮೇಲೆ ಬೆಂಚಿಗೆ ಮೂವರಿದ್ದಲ್ಲಿ ಒಬ್ಬರು. ಹಾಳೆಯ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಅಷ್ಟೆ. ಮೊದಲ ಒಂದು ನಿಮಿಷ ನಗು, ಪಿಸುಮಾತು, ಮೊಣಕೈ ತಿವಿತ. ಮೂರನೇ ನಾಲ್ಕನೇ ಪ್ರಶ್ನೆಗೆ ಬರುವಷ್ಟರಲ್ಲಿ ಕೋಣೆ ತಣ್ಣಗಾಗುತ್ತದೆ. ಒಬ್ಬಳು ಟಿಕ್ ಹಾಕಿ, ಅಳಿಸಿ, ಬಲಗಡೆಯ ಮನೆಗೆ ಜರುಗಿಸುತ್ತಾಳೆ. ಇನ್ನೊಬ್ಬ ಕೇಳದೆ ಇದ್ದದ್ದನ್ನೂ ಅಂಚಿನಲ್ಲಿ ಎರಡು ಸಾಲು ಗೀಚುತ್ತಾನೆ. ಹಾಳೆ ಮಡಚಿ ಲಕೋಟೆಗೆ ಹಾಕುವಾಗ ಬಹಳ ಮಂದಿ ಎರಡೆರಡು ಸಲ ಮಡಚುತ್ತಾರೆ. ಯಾವ ಪರೀಕ್ಷೆಯ ಉತ್ತರಪತ್ರಿಕೆಯನ್ನೂ ಈ ಮಕ್ಕಳು ಇಷ್ಟು ಜೋಪಾನವಾಗಿ ಒಪ್ಪಿಸಿರಲಿಕ್ಕಿಲ್ಲ.

ಧಾರವಾಡದಲ್ಲಿ ಹರೆಯದವರ ಮನಸ್ಸನ್ನು ವರ್ಷಗಟ್ಟಲೆ ಅಳೆದಿಟ್ಟ ಕಣಜ ಎಲ್ಲಿದೆ ಗೊತ್ತೆ? ಕೃಷಿ ವಿಶ್ವವಿದ್ಯಾಲಯದಲ್ಲಿ! ಹೌದು, ಹತ್ತಿ ಗೋಧಿ ಜೋಳದ ತಳಿಗಳಿಗೆ ಹೆಸರಾದ, ಕೃಷಿ ಮೇಳ ಬಂತೆಂದರೆ ಸುತ್ತಲಿನ ಜಿಲ್ಲೆಗಳ ರೈತರೆಲ್ಲ ಬುತ್ತಿ ಕಟ್ಟಿಕೊಂಡು ಬರುವ ಅದೇ ಆವರಣದಲ್ಲಿ. ಅಲ್ಲಿ ಹಿಂದೆ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯ ಎನ್ನುತ್ತಿದ್ದ, ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಾಗಿರುವ ಸಂಸ್ಥೆಯಿದೆ. ಅದರಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಎಂಬ ವಿಭಾಗ. ಅಲ್ಲಿನ ಎಂ.ಎಸ್‌ಸಿ., ಪಿಎಚ್.ಡಿ. ವಿದ್ಯಾರ್ಥಿಗಳು ವರ್ಷ ವರ್ಷವೂ ಪ್ರಶ್ನಾವಳಿಯ ಕಟ್ಟು ಹಿಡಿದು ಧಾರವಾಡ, ಹುಬ್ಬಳ್ಳಿ ಮತ್ತು ಸುತ್ತಲ ಹಳ್ಳಿಗಳ ಶಾಲೆ ಕಾಲೇಜುಗಳಿಗೆ ಹೋಗಿದ್ದಾರೆ. ಪಿಯು ಮಕ್ಕಳ ಓದಿನ ಒತ್ತಡ, ಹಳ್ಳಿಯ ಮಕ್ಕಳಿಗೂ ಪೇಟೆಯ ಮಕ್ಕಳಿಗೂ ತಮ್ಮ ಬಗ್ಗೆ ಇರುವ ಭಾವನೆ, ಹಾಸ್ಟೆಲಿನಲ್ಲಿದ್ದವರಿಗೂ ಮನೆಯಲ್ಲಿದ್ದವರಿಗೂ ಇರುವ ವ್ಯತ್ಯಾಸ, ಸಿಟ್ಟು ಹಿಡಿದಿಟ್ಟುಕೊಳ್ಳುವ ಶಕ್ತಿ, ಅಪ್ಪ ಅವ್ವ ಬೆಳೆಸುವ ರೀತಿ. ಆ ಫಲಿತಾಂಶಗಳು ಅಚ್ಚಾದದ್ದು ಎಲ್ಲಿ? ಕೃಷಿ ವಿಜ್ಞಾನದ ನಿಯತಕಾಲಿಕದಲ್ಲಿ! ಕಳೆ ನಿರ್ವಹಣೆಯ, ಕೀಟ ಹತೋಟಿಯ, ಗೊಬ್ಬರದ ಪ್ರಮಾಣದ ಲೇಖನಗಳ ನಡುವೆ ಹದಿನೇಳು ವರ್ಷದ ಹುಡುಗಿಯೊಬ್ಬಳ ಆತಂಕ ಒಂದು ಕೋಷ್ಟಕದೊಳಗೆ ಕೂತಿದೆ. ಮನೋವಿಜ್ಞಾನದವರು ಅತ್ತ ಹಾಯುವುದಿಲ್ಲ, ಪತ್ರಿಕೆಯವರು ಇತ್ತ ಹಾಯುವುದಿಲ್ಲ. ಇಂಥ ಒಂದು ಉಗ್ರಾಣ ನಮ್ಮೂರಲ್ಲೇ ಇದೆ ಎಂದು ಎಷ್ಟು ಪಾಲಕರಿಗೆ ಗೊತ್ತು!

ಮೂರುನೂರು ಮಕ್ಕಳನ್ನು ಕೇಳಿ ಊರಿನ ಸಾವಿರಾರು ಮಕ್ಕಳ ಬಗ್ಗೆ ಹೇಗೆ ಹೇಳುತ್ತೀರಿ ಎಂಬ ಪ್ರಶ್ನೆಗೂ ಆ ಆವರಣದಲ್ಲೇ ಉತ್ತರ ಸಿಗುತ್ತದೆ. ಮಣ್ಣು ಪರೀಕ್ಷೆಗೆ ಮಾದರಿ ತರುವ ರೈತನಿಗೆ ಹೇಳುವುದೇನು? ಹೊಲದಲ್ಲಿ ಅಂಕುಡೊಂಕಾಗಿ ನಡೆ, ಹತ್ತಾರು ಕಡೆ ಅಗೆ, ಬದುವಿನ ಬುಡದಲ್ಲಿ ಬೇಡ, ತಿಪ್ಪೆಯ ಹತ್ತಿರ ಬೇಡ, ಎಲ್ಲವನ್ನೂ ಕಲಸಿ ಅರ್ಧ ಕಿಲೋ ತಾ. ಅಷ್ಟು ಮಣ್ಣು ಇಡೀ ಹೊಲದ ಕಥೆ ಹೇಳುತ್ತದೆ. ಸಮೀಕ್ಷೆಯ ಜೀವವೂ ಅಲ್ಲೇ ಇದೆ. ಸರ್ಕಾರಿ ಕಾಲೇಜು, ಖಾಸಗಿ ಕಾಲೇಜು, ಕಲೆ, ವಿಜ್ಞಾನ, ಹುಡುಗ, ಹುಡುಗಿ, ಹಳೇ ಹುಬ್ಬಳ್ಳಿ, ಕಲಘಟಗಿಯ ಕಡೆಯ ಹಳ್ಳಿ, ಎಲ್ಲ ಕಡೆಯಿಂದ ಸರಿಯಾದ ಪಾಲು ತೆಗೆದರೆ ಸಣ್ಣ ಹಿಡಿಯೇ ಸಾಕು. ಒಂದು ಮೂಲೆ ಬಿಟ್ಟರೆ ಆ ಮೂಲೆಯ ಸಂಕಟ ಕೊನೆಯವರೆಗೂ ಲೆಕ್ಕಕ್ಕೆ ಬರುವುದಿಲ್ಲ. ಈ ಮಾತನ್ನು ಮರೆಯದೆ ಮುಂದಕ್ಕೆ ಬನ್ನಿ, ಧಾರವಾಡದ ಅಂಥ ಒಂದು ಮೂಲೆಗೆ ಕರೆದುಕೊಂಡು ಹೋಗುತ್ತೇನೆ.

ಅದಕ್ಕೂ ಮೊದಲು ಈ ಕೆಲಸದ ಹಿರೀಕರನ್ನು ನೋಡಿ. ಮನೆ ಮನೆಗೆ ಹೋಗಿ ಮನಸ್ಸಿನ ಯೋಗಕ್ಷೇಮ ವಿಚಾರಿಸುವ ವಿದ್ಯೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಶಿವರಾಮ ಕಾರಂತರು ಹುಟ್ಟಿದ ಕೋಟ ಗೊತ್ತಲ್ಲ, ಅದೇ ಕೋಟದಲ್ಲಿ ಮನೋವೈದ್ಯ ಆರ್.ಎಲ್. ಕಪೂರ್ ಮತ್ತು ಬ್ರಿಟನ್ನಿನ ಜಿ.ಎಂ. ಕಾರ್‌ಸ್ಟೇರ್ಸ್ ಬ್ರಾಹ್ಮಣರ, ಬಂಟರ, ಮೊಗವೀರರ ಮನೆಗಳಿಗೆ ಹೋಗಿ ಸಮೀಕ್ಷೆ ಮಾಡಿದರು. 1976ರಲ್ಲಿ ಅದು ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಜಗತ್ತಿನ ಮನೋವೈದ್ಯರ ಕಪಾಟು ಸೇರಿತು. ಅದಕ್ಕಾಗಿ ಇಲ್ಲಿನ ಜನರಿಗೆ ಒಪ್ಪುವ ಪ್ರಶ್ನಾವಳಿಯನ್ನೇ ಹೊಸದಾಗಿ ಕಟ್ಟಿದವರಲ್ಲಿ ಮಾಲವಿಕಾ ಕಪೂರ್ ಕೂಡ ಇದ್ದರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಾಲಾ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ದಾರಿ ತೋರಿದವರು ಅವರೇ. ನಮ್ಮ ಪಕ್ಕದ ಬಳ್ಳಾರಿಯನ್ನೂ ಮರೆಯುವಂತಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗ ಚಿಕಿತ್ಸೆ ಕೊಟ್ಟು ನೋಡಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಬಿಸಿಲೂರಿನಿಂದ ಹೊರಟ ಒಂದು ಯೋಚನೆ ಹಿಮಾಲಯದ ತಪ್ಪಲಿನವರೆಗೆ ನಡೆಯಿತು!

ಮಕ್ಕಳ ವಿಷಯಕ್ಕೆ ಬಂದರೆ, ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 2,064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹದಿನಾರರವರೆಗಿನ ಮಕ್ಕಳಲ್ಲಿ 12.5 ಪ್ರತಿಶತ, ಅಂದರೆ ಎಂಟು ಮಕ್ಕಳಲ್ಲಿ ಒಂದಕ್ಕೆ ಒಂದಲ್ಲ ಒಂದು ಮನೋವೈದ್ಯಕೀಯ ತೊಂದರೆ. ಎಂಟರಲ್ಲಿ ಒಂದು! ಎರಡು ಆಟೋರಿಕ್ಷಾ ತುಂಬ ಶಾಲೆಗೆ ಹೋಗುವ ಮಕ್ಕಳನ್ನು ನೆನೆಸಿಕೊಂಡರೆ ಇದರ ಭಾರ ತಿಳಿಯುತ್ತದೆ.

ಇನ್ನೂ ಒಂದು ಅಂಕಿ ಎದೆ ಹಿಡಿದು ಕೇಳಬೇಕಾದದ್ದು. ಜಗತ್ತಿನ 192 ಅಧ್ಯಯನಗಳ ಏಳು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಒಟ್ಟಿಗೆ ಹಾಕಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಮನಸ್ಸಿನ ತೊಂದರೆಗಳು ಯಾವ ವಯಸ್ಸಿನಲ್ಲಿ ಶುರುವಾಗುತ್ತವೆ ಎಂದು ಹುಡುಕಿತು. ಅತಿ ಹೆಚ್ಚು ಜನರಿಗೆ ಶುರುವಾಗುವ ವಯಸ್ಸು ಹದಿನಾಲ್ಕೂವರೆ. ತೊಂದರೆ ಇರುವವರ ಪೈಕಿ ಇಪ್ಪತ್ತೈದು ತುಂಬುವಷ್ಟರಲ್ಲಿ ನೂರಕ್ಕೆ 62 ಮಂದಿಗೆ ಶುರುವಾಗಿಯೇ ಹೋಗಿರುತ್ತದೆ. ಹದಿನಾಲ್ಕೂವರೆ ಎಂದರೆ ನಮ್ಮ ಕಡೆ ಒಂಬತ್ತನೇ ಇಯತ್ತೆ! ಎಸ್‌ಎಸ್‌ಎಲ್‌ಸಿ ಎಂಬ ಗುಮ್ಮ ಬಾಗಿಲಿಗೆ ಬರುವ, ಮೀಸೆ ಚಿಗುರುವ, ಮನೆಯಲ್ಲಿ ಎಲ್ಲರೂ ಒಮ್ಮೆಲೇ ‘ದೊಡ್ಡವ ಆಗ್ಯಾನ’ ಎನ್ನತೊಡಗುವ ವರ್ಷ.

ದೇಶದ ಮಟ್ಟದಲ್ಲಿ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಒಂದು ಮಹಾಯಾನ. ಹನ್ನೆರಡು ರಾಜ್ಯ, 34,802 ವಯಸ್ಕರು, 13ರಿಂದ 17 ವರ್ಷದ 1,191 ಮಕ್ಕಳು. ಟ್ಯಾಬ್ಲೆಟ್ ಹಿಡಿದ ತರಬೇತಾದ ಸಂದರ್ಶಕರು ಮನೆಯ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಮಾತಾಡಿಸಿದರು. ಹದಿಹರೆಯದವರಲ್ಲಿ 7.3 ಪ್ರತಿಶತ ಮಂದಿಗೆ ತೊಂದರೆ ಕಂಡಿತು. ಹಳ್ಳಿಗಳಲ್ಲಿ 6.9 ಇದ್ದದ್ದು ಮಹಾನಗರಗಳಲ್ಲಿ 13.5! ಸುಮಾರು ದುಪ್ಪಟ್ಟು. ದೇಶದ 98 ಲಕ್ಷ ಮಕ್ಕಳಿಗೆ ಈಗಿಂದೀಗ ನೆರವು ಬೇಕು ಎಂದು ವರದಿ ಹೇಳಿತು. ಈ ಸಮೀಕ್ಷೆಯ ಪೂರ್ವತಯಾರಿ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆದರೆ ಆ ಹನ್ನೆರಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಹಾಗಾಗಿ ಹುಬ್ಬಳ್ಳಿ-ಧಾರವಾಡದ ಮಕ್ಕಳು ಆ 7.3ರ ಒಳಗೆ ಬರುವುದೇ ಇಲ್ಲ. ಹತ್ತು ಲಕ್ಷದ ಹತ್ತಿರದ ಜನಸಂಖ್ಯೆಯ ನಮ್ಮ ಅವಳಿನಗರ ಹಳ್ಳಿಯೂ ಅಲ್ಲ, ಮಹಾನಗರವೂ ಅಲ್ಲ. 6.9ಕ್ಕೂ 13.5ಕ್ಕೂ ನಡುವಿನ ಹಾದಿಯಲ್ಲಿ ನಾವೆಲ್ಲಿ ನಿಂತಿದ್ದೇವೆ? ಚಿಗರಿ ಬಸ್ಸಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಿಂತ ಮಕ್ಕಳ ನಡುವೆ ಸಿಕ್ಕಿಕೊಂಡಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ಎನ್‌ಸಿಇಆರ್‌ಟಿ 2022ರ ಜನವರಿಯಿಂದ ಮಾರ್ಚ್‌ವರೆಗೆ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳನ್ನು ಕೇಳಿತು. ಎಷ್ಟು ಮಕ್ಕಳು? 3,79,842! ಸಮೀಕ್ಷೆಯ ಕಾಗದಗಳ ಮೇಲೆ ಇಂಥ ಸಂಖ್ಯೆ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಅವರಲ್ಲಿ 81 ಪ್ರತಿಶತ ಮಂದಿ ತಮ್ಮ ಆತಂಕಕ್ಕೆ ಕಾರಣ ಓದು, ಪರೀಕ್ಷೆ, ಫಲಿತಾಂಶ ಎಂದರು. ಶಾಲೆಯ ಬದುಕು ಚಂದ ಇದೆ ಎಂದವರು 73 ಪ್ರತಿಶತ, ಸ್ವಂತ ಬದುಕು ತೃಪ್ತಿ ಕೊಟ್ಟಿದೆ ಎಂದವರು 51. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗಂಟೆ ಬಾರಿಸಿ ಗೇಟಿನಿಂದ ಆಚೆ ಬಂದ ಮೇಲೆ ಆ ಮಕ್ಕಳ ಸಂತೋಷ ಎಲ್ಲಿಗೆ ಹೋಗುತ್ತದೆ? ಒಂದು ಸಮೀಕ್ಷೆ ಹೀಗೆ ಎರಡು ಅಂಕಿಗಳ ನಡುವೆ ಬಾಗಿಲು ತೆರೆದು ನಿಲ್ಲುವುದನ್ನು ನೋಡುವುದೇ ಒಂದು ರೋಮಾಂಚನ. 28 ಪ್ರತಿಶತ ಮಕ್ಕಳು ತರಗತಿಯಲ್ಲಿ ಪ್ರಶ್ನೆ ಕೇಳಲಿಕ್ಕೇ ಅಂಜುತ್ತೇವೆ ಎಂದರಂತೆ. ಪಾಠದ ಪ್ರಶ್ನೆಯನ್ನೇ ಕೇಳಲು ಅಂಜುವ ಮಗು ‘ಸರ್, ನನಗ ಯಾಕೋ ಬ್ಯಾಸರ ಆಗ್ಲಿಕತ್ತೈತಿ’ ಎಂದು ಎದ್ದು ನಿಂತು ಹೇಳೀತೆ?

ಹೇಳಲಿಕ್ಕಿಲ್ಲ. 2021ರಲ್ಲಿ ಯುನಿಸೆಫ್ ಮತ್ತು ಗ್ಯಾಲಪ್ ಸೇರಿ 21 ದೇಶಗಳ 15ರಿಂದ 24 ವಯಸ್ಸಿನವರನ್ನು ಕೇಳಿದಾಗ, ಮನಸ್ಸಿನ ತೊಂದರೆಗೆ ಇನ್ನೊಬ್ಬರ ನೆರವು ಪಡೆಯುವುದು ಒಳ್ಳೆಯದು ಎಂದವರು ಸರಾಸರಿ 83 ಪ್ರತಿಶತ. ಭಾರತದಲ್ಲಿ 41. ನಮ್ಮ ಹುಡುಗರು ನಗುನಗುತ್ತ ‘ಏನಿಲ್ಲ ಬಿಡ್ರಿ, ಸ್ವಲ್ಪ ಟೆನ್ಶನ್ ಅಷ್ಟ’ ಎಂದು ಮಾತು ಮುಗಿಸುವುದರ ಹಿಂದೆ ಆ 41 ನಿಂತಿದೆ. ಉತ್ತರ ಕರ್ನಾಟಕದಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ ‘ಇವನ್ನ ಧಾರವಾಡಕ್ಕ ಕಳಸಬೇಕ್ರಿ’ ಎನ್ನುವ ಮಾತು ಎಷ್ಟು ತಲೆಮಾರಿನಿಂದ ಬಂದಿದೆ! ಬ್ರಿಟಿಷರ ಕಾಲದಿಂದ ಇಲ್ಲಿರುವ ಮಾನಸಿಕ ಆಸ್ಪತ್ರೆ ಊರಿಗೆ ತಂದ ಹೆಸರು ಅದು. ಆಸ್ಪತ್ರೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್. ಹೊರರೋಗಿ ವಿಭಾಗ, ತಜ್ಞರ ತರಬೇತಿ, ಸಂಶೋಧನೆ ಎಲ್ಲವೂ ಅಲ್ಲಿದೆ. ನಿದ್ದೆ ಬಾರದ ಒಬ್ಬ ಡಿಗ್ರಿ ಹುಡುಗ ಆ ಗೇಟಿನ ಒಳಗೆ ಹೋಗಲು ಮಾತ್ರ ಇವತ್ತಿಗೂ ಮುಖ ಮುಚ್ಚಿಕೊಳ್ಳುತ್ತಾನೆ. ಹಾಳೆಗೆ ಮುಖ ತೋರಿಸಬೇಕಾಗಿಲ್ಲ. ಅದಕ್ಕೇ ಅವನು ಹಾಳೆಗೆ ಹೇಳುತ್ತಾನೆ.

ಆ ಹಾಳೆಯ ಒಂಬತ್ತನೇ ಪ್ರಶ್ನೆಯನ್ನು ನಾನು ಇನ್ನೂ ಹೇಳಿಲ್ಲ. ಬದುಕೇ ಬೇಡ ಎನಿಸಿತ್ತೆ, ನಿನಗೆ ನೀನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತ್ತೆ ಎಂಬ ಪ್ರಶ್ನೆ ಅದು. ಪಾಲಕರು, ಪ್ರಾಚಾರ್ಯರು ಇದನ್ನು ನೋಡಿದ ಕೂಡಲೇ ಬೆಚ್ಚುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲವೆ? ಎಷ್ಟು ಸಹಜವಾದ ಭಯ! ಈ ಭಯವನ್ನೇ ನ್ಯೂಯಾರ್ಕಿನಲ್ಲಿ ಮ್ಯಾಡೆಲಿನ್ ಗೂಲ್ಡ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಒಡ್ಡಿದರು. ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಂಥ ಪ್ರಶ್ನೆಗಳನ್ನು ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವೂ ಹೆಚ್ಚಿರಲಿಲ್ಲ, ಅಂಥ ಯೋಚನೆಯೂ ಹೆಚ್ಚಿರಲಿಲ್ಲ. ಅಷ್ಟೇ ಆಗಿದ್ದರೆ ಸಾಕಿತ್ತು, ಆದರೆ ಮೊದಲೇ ಖಿನ್ನರಾಗಿದ್ದ ಮಕ್ಕಳ ಪೈಕಿ, ಪ್ರಶ್ನೆ ಕೇಳಿಸಿಕೊಂಡವರಿಗೆ ಕೇಳಿಸಿಕೊಳ್ಳದವರಿಗಿಂತ ಕಳವಳ ಕಡಿಮೆಯೇ ಇತ್ತು! 2005ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಮ್ಮ ಪ್ರತಿ ಕಾಲೇಜಿನ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕು ಎಂದು ನನ್ನ ಆಸೆ. ಕೇಳುವುದು ಅಪಾಯವಲ್ಲ. ಕೇಳಿ, ಉತ್ತರ ಓದಿ, ಸುಮ್ಮನೆ ಕೂರುವುದು ಅಪಾಯ. ಹಾಗಾಗಿಯೇ ಕಟ್ಟುನಿಟ್ಟಾದ ಸಮೀಕ್ಷಕರು ಆ ಒಂಬತ್ತನೆಯ ಮನೆಯಲ್ಲಿ ಗುರುತು ಬಿದ್ದಿದೆಯೇ ಎಂದು ಅದೇ ದಿನ ನೋಡುತ್ತಾರೆ. ಸಂಖ್ಯೆಯ ಹಿಂದಿನ ಹೆಸರನ್ನು ತೆರೆಯಲು ಅನುಮತಿಯಿರುವ ಒಬ್ಬರನ್ನು ಮೊದಲೇ ನೇಮಿಸಿರುತ್ತಾರೆ.

ಈಗ ಮೊದಲೇ ಹೇಳಿದ ಆ ಮೂಲೆಗೆ ಬನ್ನಿ. ಧಾರವಾಡದ ಸಪ್ತಾಪುರ!

ಸಂಜೆ ಏಳರ ನಂತರ ಒಮ್ಮೆ ನಡೆದು ನೋಡಬೇಕು. ಗೋಡೆ ಗೋಡೆಗೂ ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಟಿಇಟಿ ಎಂಬ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಫಲಕ. ಝೆರಾಕ್ಸ್ ಅಂಗಡಿಯ ಮುಂದೆ ನೋಟ್ಸಿನ ಕಟ್ಟು, ಪುಸ್ತಕದಂಗಡಿಯ ಮುಂದೆ ಈ ತಿಂಗಳ ಪ್ರಚಲಿತ ಘಟನೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ಸಾವಿರಾರು ಹುಡುಗ ಹುಡುಗಿಯರು. ಒಂದು ಖೋಲಿಗೆ ಮೂವರು ನಾಲ್ವರು, ಎರಡು ಹೊತ್ತು ಖಾನಾವಳಿಯ ರೊಟ್ಟಿ. ಮಹಡಿ ಮಹಡಿಗೂ ರೀಡಿಂಗ್ ರೂಮು. ಒಳಗೆ ಹೋದರೆ ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡುಗಳ ಸಾಲು, ಒಂದೊಂದಕ್ಕೂ ಸೀಟಿನ ಸಂಖ್ಯೆ. ಗೂಡಿನ ಒಳಗೋಡೆಗೆ ಅಂಟಿಸಿದ ವೇಳಾಪಟ್ಟಿ, ಕರ್ನಾಟಕದ ನಕಾಶೆ, ದೇವರ ಫೋಟೊ, ಕೆಲವರದರಲ್ಲಿ ಅಪ್ಪ ಅವ್ವನ ಪಾಸ್‌ಪೋರ್ಟ್ ಅಳತೆಯ ಚಿತ್ರ. ನೂರು ಜನ ಕೂತಿದ್ದರೂ ಪುಟ ತಿರುವುವ ಸದ್ದು ಕೇಳುವಷ್ಟು ಮೌನ. ಬೆಳಗಿನ ಐದಕ್ಕೆ ಇವರಲ್ಲೇ ಬಹಳ ಮಂದಿ ಆರ್.ಎನ್. ಶೆಟ್ಟಿ ಕ್ರೀಡಾಂಗಣದ ಟ್ರ್ಯಾಕಿನ ಮೇಲೆ 1600 ಮೀಟರ್ ಓಡುತ್ತಿರುತ್ತಾರೆ. ಏನು ಛಲ ಇದು! ಏನು ತಪಸ್ಸು!

ಇವರ ವಯಸ್ಸು ಇಪ್ಪತ್ತೆರಡು, ಇಪ್ಪತ್ತೈದು, ಇಪ್ಪತ್ತೆಂಟು. ಶಾಲೆಯ ಹಾಜರಿ ಪುಸ್ತಕದಲ್ಲಿ ಇವರ ಹೆಸರಿಲ್ಲ, ಕಾಲೇಜಿನ ಪಟ್ಟಿಯಿಂದ ದಾಟಿಯಾಗಿದೆ. ಹಾಗಾಗಿ ಶಾಲೆ ಕಾಲೇಜುಗಳಿಗೆ ಹೋಗುವ ಸಮೀಕ್ಷೆಗೆ ಇವರು ಸಿಗುವುದಿಲ್ಲ. ಮನೆ ಮನೆಗೆ ಹೋಗುವ ಸಮೀಕ್ಷೆಗೆ? ಊರಲ್ಲಿ ಅವ್ವ ‘ಮಗ ಧಾರವಾಡದಾಗ ಓದಾಕ ಹೋಗ್ಯಾನ’ ಎನ್ನುತ್ತಾಳೆ, ಧಾರವಾಡದಲ್ಲಿ ಅವನಿಗೆ ಮನೆಯೇ ಇಲ್ಲ, ಖೋಲಿ ಇದೆ. ಕುಟುಂಬದ ಯಾದಿ ಹಿಡಿದು ಬರುವವರು ಖೋಲಿಯ ಬಾಗಿಲು ಬಡಿಯುವುದಿಲ್ಲ. ನೌಕರರಲ್ಲವಾದ್ದರಿಂದ ಕಚೇರಿಗಳ ಸಮೀಕ್ಷೆಗೂ ಇಲ್ಲ. ನಮ್ಮೂರಲ್ಲಿ ಕಣ್ಣಿಗೆ ಹೊಡೆಯುವಷ್ಟು ಎದ್ದು ಕಾಣುವ ಯುವಜನರ ಗುಂಪು ಎಲ್ಲ ಬಗೆಯ ಸಮೀಕ್ಷೆಗಳ ಜರಡಿಯಿಂದ ಸದ್ದಿಲ್ಲದೆ ಜಾರಿಹೋಗುತ್ತದೆ! ಇದು ಹೊಳೆದ ಕ್ಷಣ ನಾನು ನಿಜವಾಗಿಯೂ ನಿಂತಲ್ಲೇ ನಿಂತೆ.

ಇವರ ಕಾಯುವಿಕೆಯ ಉದ್ದ ಎಷ್ಟು ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಮೊದಲ ಪರೀಕ್ಷೆಯಿಂದ ಎರಡನೆಯದಕ್ಕೆ ಎರಡು ವರ್ಷ ಮೂರು ತಿಂಗಳ ಮೇಲೆ! ಒಂದು ಅಡ್ಡದಾರಿಯನ್ನೂ ಹಿಡಿಯದೆ, ಗೂಡಿನೊಳಗೆ ಕೂತು ಓದಿ ಬರೆದ ಹುಡುಗನ ಎರಡು ವರ್ಷ. ಈ ನಡುವೆ ವಯೋಮಿತಿಯ ಗಡಿ ಹತ್ತಿರ ಬರುತ್ತಲೇ ಇರುತ್ತದೆ, ಊರಿನಿಂದ ಪ್ರತಿ ಸಂಜೆ ‘ಏನಾತೋ ತಮ್ಮಾ?’ ಎಂಬ ಫೋನು, ತಂಗಿಯ ಮದುವೆ, ಹೊಲದ ಸಾಲ. ಹೆಣ್ಣುಮಕ್ಕಳಿಗಾದರೆ ‘ಇದೊಂದ ವರ್ಷ ಅಷ್ಟ’ ಎಂಬ ಗಡುವು ಬೇರೆ. 2025ರಲ್ಲಿ ‘ನೇಮಕಾತಿ ಅಧಿಸೂಚನೆ ಹೊರಡಿಸಿ, ವಯೋಮಿತಿ ಸಡಿಲಿಸಿ’ ಎಂದು ಇದೇ ಧಾರವಾಡದ ಬೀದಿಗೆ ಇವರು ಸಾವಿರಾರು ಸಂಖ್ಯೆಯಲ್ಲಿ ಇಳಿದಾಗ ಊರು ಬೆರಗಾಗಿ ನೋಡಿತು. ಅಷ್ಟು ಜನ ಅಷ್ಟು ಹತ್ತಿರದಲ್ಲಿ, ಅಷ್ಟು ಮೌನವಾಗಿ ಇಷ್ಟು ದಿನ ಕೂತಿದ್ದರೇ! ಒಂಬತ್ತು ಪ್ರಶ್ನೆಯ ಹಾಳೆ ಎರಡು ವಾರದ ಬಗ್ಗೆ ಕೇಳುತ್ತದೆ. ಸಪ್ತಾಪುರದಲ್ಲಿ ಎರಡು ವಾರ ಎಂದರೆ ಕಣ್ಣು ಮಿಟುಕಿಸಿದಷ್ಟು ಹೊತ್ತು. ಇಲ್ಲಿ ಮಾಡುವ ಸಮೀಕ್ಷೆಗೆ ಇನ್ನೊಂದೆರಡು ಪ್ರಶ್ನೆ ಸೇರಲೇಬೇಕು: ಎಷ್ಟನೇ ಪ್ರಯತ್ನ, ಯಾವ ನೇಮಕಾತಿಗೆ ಎಷ್ಟು ದಿನದಿಂದ ಕಾಯುತ್ತಿದ್ದೀಯ, ಕೊನೆಯ ಸಲ ಊರಿಗೆ ಹೋದದ್ದು ಯಾವಾಗ.

ಕೇಳುವವರು ಯಾರು? ಇಲ್ಲಿಯೂ ನಮ್ಮ ನಾಡೇ ಒಂದು ದಾರಿ ಮಾಡಿಟ್ಟಿದೆ, ಅದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್‌ನ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗದ ಜೊತೆಗೂಡಿ ನಡೆಸುತ್ತಿರುವ ‘ಯುವ ಸ್ಪಂದನ’. 15ರಿಂದ 35ರವರೆಗಿನವರಿಗೆ. ಕಾಯಿಲೆ ಎಂಬ ಮಾತೇ ಬಾಗಿಲಲ್ಲಿಲ್ಲ. ಓದು, ಉದ್ಯೋಗ, ಸಂಬಂಧ, ಆರೋಗ್ಯ, ವ್ಯಕ್ತಿತ್ವ, ಸುರಕ್ಷತೆ, ಲೈಂಗಿಕತೆ, ಯಾವುದರ ಬಗ್ಗೆ ಬೇಕಾದರೂ ಬಂದು ಮಾತಾಡಬಹುದು. ಮಾತಾಡಿಸುವವರು ಯುವ ಪರಿವರ್ತಕರು, ಯುವ ಸಮಾಲೋಚಕರು, ಅಂದರೆ ತರಬೇತಿ ಪಡೆದ ಆಯಾ ಜಿಲ್ಲೆಯ ಯುವಜನರೇ! ಹೀಗೆ ಬಂದ ಹತ್ತು ಸಾವಿರಕ್ಕೂ ಹೆಚ್ಚು ಯುವಜನರ ದಾಖಲೆಗಳನ್ನು ಹೆಸರು ತೆಗೆದು ಪರಿಶೀಲಿಸಿ, ಒತ್ತಡ, ಆತಂಕ, ಖಿನ್ನತೆ ಯಾರಲ್ಲಿ ಯಾತಕ್ಕೆ ಹೆಚ್ಚು ಎಂದು ನಿಮ್ಹಾನ್ಸ್‌ನ ಸಂಶೋಧಕರು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಸಹಾಯಕ್ಕೆಂದು ತೆರೆದ ಬಾಗಿಲೇ ಸಮೀಕ್ಷೆಯ ಕಿಟಕಿಯೂ ಆಯಿತು.

ಇನ್ನು ಉತ್ತರ ಬಂದ ಮೇಲೆ ಹೋಗುವ ಕಡೆ. ಹುಬ್ಬಳ್ಳಿ-ಧಾರವಾಡದಷ್ಟು ಅನುಕೂಲ ಇರುವ ಊರು ಈ ಭಾಗದಲ್ಲಿ ಇನ್ನೊಂದಿಲ್ಲ. ಡಿಮ್ಹಾನ್ಸ್ ಇದೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು ಎರಡರಲ್ಲೂ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’, ಹದಿಹರೆಯದವರಿಗೆ ‘ಸ್ನೇಹ’ ಕ್ಲಿನಿಕ್. ಎಲ್ಲಿಗೂ ಹೋಗಲು ಮನಸ್ಸಿಲ್ಲದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416 ಒತ್ತಿದರೆ ಸಾಕು, ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಾಲನ್ನು ಓದುವ ನಿಮಗೋ, ನಿಮ್ಮ ಪಕ್ಕದ ಖೋಲಿಯವರಿಗೋ ಬೇಕಾದೀತು, ಬರೆದಿಟ್ಟುಕೊಳ್ಳಿ.

ಹಾಗಾದರೆ ಸಪ್ತಾಪುರದ ಸಮೀಕ್ಷೆಗೆ ಕೊರತೆ ಯಾತರದು? ಪ್ರಶ್ನಾವಳಿ ಪುಕ್ಕಟೆ ಸಿಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದಲ್ಲಿ, ಕೃಷಿ ವಿಶ್ವವಿದ್ಯಾಲಯದಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವ ಮಕ್ಕಳಿದ್ದಾರೆ. ಸಂಶೋಧಕರು ಇಂಥ ಕಡೆ ಹೇಳುವ ಮೊದಲ ತಕರಾರು ಒಂದೇ: ಅಲೆಮಾರಿ ಜನ, ಪಟ್ಟಿಯೇ ಇಲ್ಲ, ಪಟ್ಟಿಯಿಲ್ಲದೆ ಸರಿಯಾದ ಮಾದರಿ ತೆಗೆಯುವುದು ಹೇಗೆ? ಪಟ್ಟಿ ಇದೆ! ಪ್ರತಿ ರೀಡಿಂಗ್ ರೂಮಿನ ಬಾಗಿಲ ಹತ್ತಿರದ ಮೇಜಿನ ಮೇಲೆ ತಿಂಗಳ ಫೀ ಬರೆದಿಡುವ ವಹಿ ಇರುತ್ತದೆ. ಸೀಟಿನ ಸಂಖ್ಯೆ, ಹೆಸರು, ಊರು, ಸೇರಿದ ತಾರೀಖು. ಮೊದಲು ಸಪ್ತಾಪುರ, ಜಯನಗರ, ಶ್ರೀನಗರದ ರೀಡಿಂಗ್ ರೂಮುಗಳನ್ನೆಲ್ಲ ಎಣಿಸಿ, ಮಾಲೀಕರನ್ನು ಒಪ್ಪಿಸಿ, ಹೆಸರು ಬಿಟ್ಟು ಬರೀ ಸೀಟಿನ ಸಂಖ್ಯೆಗಳನ್ನು ಬರೆದುಕೊಂಡು, ಪ್ರತಿ ಹತ್ತನೆಯ ಸೀಟಿಗೆ ಒಂದು ಲಕೋಟೆ ಇಟ್ಟರೆ ಆಯಿತು. ಫಲಿತಾಂಶದ ವಾರ ಬೇಡ, ಹೊಸ ಅಧಿಸೂಚನೆಯ ವಾರವೂ ಬೇಡ, ನಡುವಿನ ಯಾವುದಾದರೂ ಸಾಧಾರಣ ವಾರ. ಲಕೋಟೆಯ ಮೇಲೆ 14416 ಅಚ್ಚಾಗಿರಲಿ. ಹಂಚುವ ಹೊತ್ತು ರಾತ್ರಿ ಒಂಬತ್ತೂವರೆಯಾದರೆ ಒಳ್ಳೆಯದು. ಆಗ ಎಲ್ಲರೂ ಹತ್ತು ನಿಮಿಷ ಚಹಾಕ್ಕೆಂದು ಗೂಡಿನಿಂದ ಎದ್ದು ಹೊರಗೆ ಬರುತ್ತಾರೆ.